ಮಾವನವರ ಮದ್ದಿನ ಪೆಟ್ಟಿಗೆ

ಬೈಲಹೊಂಗಲದ ನಮ್ಮ ಅಡುಗೆಮನೆಯಲ್ಲಿ ಹಸಿರು ಬಣ್ಣದ ದಪ್ಪ ಹಲಗೆಯ ಪೆಟ್ಟಿಗೆಯೊಂದಿದೆ. ಎರಡೂ ಬದಿಗೆ ಹಗ್ಗದ ಹಿಡಿಕೆ, ಒಳಗೆ ಅತ್ತೆ ಒಣಗಿಸಿಟ್ಟ ಕಟಕ ರೊಟ್ಟಿ. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಮಾವ ಅದನ್ನು ತಮ್ಮ ಅಜ್ಜ ಮಿಲಿಟರಿಯಿಂದ ತಂದದ್ದು ಎನ್ನುತ್ತಿದ್ದರು. ಆಮೇಲೆ ಮುತ್ತಜ್ಜನದಾಯಿತು. ಪ್ರತಿ ಮಹಾನವಮಿಗೂ ಪೆಟ್ಟಿಗೆ ಒಂದು ತಲೆಮಾರು ಹಳೆಯದಾಗುತ್ತ ಹೋಗಿ, ಕೊನೆಗೆ ಕಿತ್ತೂರು ಸಂಸ್ಥಾನದ ಮದ್ದುಗುಂಡಿನ ಪೆಟ್ಟಿಗೆಯೇ ಆಗಿಬಿಟ್ಟಿತು. ಇನ್ನೊಂದೆರಡು ಹಬ್ಬ ಕಳೆದಿದ್ದರೆ ಪಾಂಡವರು ಬನ್ನಿಮರದ ಮೇಲೆ ಇಟ್ಟದ್ದೂ ಇದೇ ಎನ್ನುತ್ತಿದ್ದರೇನೋ!

ಸಾಕ್ಷಿಯೂ ಇತ್ತು. ಮುಂಭಾಗದಲ್ಲಿ ಒಂದೆಡೆ ಕೂಡುವ ಮೂರು ಗೀಟು. ಸವದತ್ತಿಯ ಬೀಗರು ಬಂದರೂ ಹಾಲಿನವ ಬಂದರೂ ಮಾವ, "ತ್ರಿಶೂಲ ಐತಿ ನೋಡ್ರಿ, ಶಿವನ ಗುರುತು" ಎಂದು ತೋರಿಸುವರು. ಶಿವನ ಗುರುತು ಎಂದ ಮೇಲೆ ಬಿಡುವುದುಂಟೇ? ಮಹಾನವಮಿಯ ಖಂಡೆ ಪೂಜೆಯ ದಿನ ಕುಡಗೋಲು, ಕೊಡಲಿಗಳ ನಡುವೆ ಅದನ್ನು ಕೂರಿಸಿ ವಿಭೂತಿ ಬಳಿಯುವರು. ವರ್ಷ ವರ್ಷ ಬಳಿದು, ಎಣ್ಣೆ ಕುಂಕುಮವೂ ಸೇರಿ, ಮುಂಭಾಗವೆಲ್ಲ ಗೋಡೆಯ ಗಿಲಾವಿನಂತಾಗಿತ್ತು.

ಹೋದ ವರ್ಷ ಕಿತ್ತೂರಿನಲ್ಲಿ ಯಾರೋ ಹಳೆಯ ವಸ್ತುಗಳ ಪ್ರದರ್ಶನ ಇಡುತ್ತೇವೆಂದರು. ಮಾವ ಪೆಟ್ಟಿಗೆಯನ್ನು ಕಾಯಂ ಕೊಟ್ಟೇಬಿಡುವುದಾಗಿ ಮಾತು ಕೊಟ್ಟು ಬಂದರು. ಅದರ ಕೆಳಗೆ ನಮ್ಮ ಮನೆತನದ ಹೆಸರಿನ ಫಲಕ ಹಾಕುತ್ತಾರಂತೆ! ಅತ್ತೆ ಮಾತ್ರ ಒಲ್ಲೆ ಎಂದರು.

"ಅದೊಂದು ಕೊಡಬ್ಯಾಡ್ರಿ. ನಿಮ್ಮ ಕಾಲಿಗೆ ಬೀಳ್ತೇನಿ."

"ರೊಟ್ಟಿ ಇಡಾಕ ಸ್ಟೀಲಿನ ಡಬ್ಬಿ ತರ್ತೇನಿ, ಸುಮ್ನಿರು" ಎಂದರು ಮಾವ. ಅತ್ತೆ ಆ ದಿನ ಊಟ ಮಾಡಲಿಲ್ಲ. ನೋಡಿ ನನಗೆ ಸಂಕಟವೂ ಆಯಿತು, ಸಿಟ್ಟೂ ಬಂತು.

ಕಿತ್ತೂರಿನಿಂದ ಟೆಂಪೋ ಬರುವ ದಿನ ಬೆಳಿಗ್ಗೆ ಮಾವ ನನ್ನನ್ನು ಕರೆದು, "ಪೆಟಗಿ ಜರಾ ತಿಕ್ಕವಾ, ಮಂದಿ ನೋಡತಾರ" ಎಂದರು. ಬಿಸಿನೀರು ಹಾಕಿ ತಿಕ್ಕಿದೆ. ಗಿಲಾವು ಬಿಟ್ಟಮೇಲೆ ನೋಡಿದರೆ ತ್ರಿಶೂಲ ತಲೆಕೆಳಗಾಗಿತ್ತು, ಮೂರೂ ಗೀಟು ಮೇಲ್ತುದಿಯಲ್ಲಿ ಕೂಡಿದ್ದವು. ಮೊಬೈಲಿನಲ್ಲಿ ಹುಡುಕಿದೆ. ಅದು ಬ್ರಿಟಿಷ್ ಸರ್ಕಾರ ತನ್ನ ಸಾಮಾನಿಗೆಲ್ಲ ಒತ್ತುತ್ತಿದ್ದ ಬಾಣದ ಗುರುತು. ಪಕ್ಕದಲ್ಲಿ ಇಂಗ್ಲಿಷಿನ ಅಚ್ಚಿನಕ್ಷರಗಳೂ ಎದ್ದವು.

"ಮಾವಾರ, ಇದರಾಗ ಇದ್ದದ್ದು ಮದ್ದಲ್ರಿ, ಹೇಸರಗತ್ತಿ ಲಾಳ."

"ಕಿತ್ತೂರ ದಂಡಿನ್ಯಾಗ ಹೇಸರಗತ್ತಿ ಇದ್ದಿದ್ದಿಲ್ಲೇನು?"

"ಇಂಗ್ಲೀಷಿನ್ಯಾಗ ಬರದೈತ್ರಿ!"

"ಹಂಗಂದ್ರ ಬ್ರಿಟಿಷರನ್ನ ಬಡದು ಕಸಗೊಂಡು ಬಂದಾರ!"

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ನಾನೂ ಹಟ ಬಿಡದೆ ಇನ್ನಷ್ಟು ತಿಕ್ಕಿದೆ. ವಿಭೂತಿಯ ಕಟ್ಟಕಡೆಯ ಪದರದ ಕೆಳಗೆ ಬಿಳಿ ಬಣ್ಣದ ಕೈಬರಹ ಕಂಡಿತು. ಊರಿಗೆ ಹೊರಡುವ ಸಿಪಾಯಿಗಳು ರೈಲಿನಲ್ಲಿ ಕಳೆಯದಿರಲೆಂದು ಪೆಟ್ಟಿಗೆಯ ಮೇಲೆ ಹೆಸರು, ಊರು ಬರೆದುಕೊಳ್ಳುತ್ತಾರಲ್ಲ, ಹಾಗೆ. ಗಟ್ಟಿಯಾಗಿ ಓದಿದೆ. ಊರು ರಾಮದುರ್ಗ. ಹೆಸರು ನಮ್ಮ ಮನೆತನದಲ್ಲಿ ಯಾರದೂ ಅಲ್ಲ.

ಅತ್ತೆ ಒಲೆಯ ಮುಂದಿನಿಂದ ಎದ್ದು ಬಂದರು.

"ಅಂವ ನಮ್ಮಪ್ಪ. ದಂಡಿನ್ಯಾಗ ಹೇಸರಗತ್ತಿಗೆ ಲಾಳ ಬಡೀತಿದ್ದ. ನನ್ನ ಲಗ್ನದಾಗ ಸೀರಿ ಇಟ್ಟು ಕಳಿಸಿದ ಪೆಟಗಿ ಇದು. ಅವನ ನೆನಪಿಗೆ ನನ್ನ ಹತ್ರ ಇರೂದು ಇದೊಂದ."

"ಮತ್ತ ಇಷ್ಟು ವರ್ಷ ಬಾಯಿ ಬಿಡಾಕ ಏನಾಗಿತ್ತು?" ಮಾವ ಗದರಿದರು.

"ನೀವು ಅಜ್ಜನ ಪೆಟಗಿ ಅಂದ ಮೊದಲ ವರ್ಷಾನ ಹೇಳೇನ್ರಿ. 'ಬಾಳ ಶ್ಯಾಣ್ಯಾಕಿ ಬಂದ್ಲು' ಅಂತ ನಕ್ಕಿರಿ. ಮಂದಿ ಮುಂದ ನಿಮ್ಮ ಮಾತು ಹೆಂಗ ಸುಳ್ಳು ಮಾಡ್ಲಿ? ನೀವು ವಿಭೂತಿ ಹಚ್ಚಿ ಹಚ್ಚಿ ಅವನ ಹೆಸರೂ ಮುಚ್ಚಿದ್ರಿ."

ಅತ್ತೆಗೆ ಓದು ಬಾರದು. ಕುಕ್ಕರುಗಾಲಿನಲ್ಲಿ ಕೂತು, ಒಂದೊಂದೇ ಅಕ್ಷರದ ನೀರನ್ನು ಸೆರಗಿನಿಂದ ಒರೆಸತೊಡಗಿದರು. ಅಷ್ಟರಲ್ಲಿ ಟೆಂಪೋ ಬಂತು. ಇಬ್ಬರು ಒಳಗೆ ಬಂದು ಹಗ್ಗದ ಹಿಡಿಕೆಗೆ ಕೈ ಹಾಕಿದರು. ಅತ್ತೆ ತಡೆಯಲಿಲ್ಲ, ಅಳುತ್ತ ಹಿಂದೆ ಸರಿದರು.

ಮಾವ ಕೆಮ್ಮಿದರು. "ಬಿಡ್ರಿ ಅದನ್ನ" ಎಂದರು. "ಪೆಟಗಿ ನಮ್ಮದಲ್ರಿ. ಈಕೀದು."

ಈ ಮನೆಯಲ್ಲಿ ಒಂದು ವಸ್ತುವನ್ನು ಅತ್ತೆಯದು ಎಂದು ಅವರು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.