ಬಾನೆಟ್ಟಿನ ಮೇಲಿನ ಹಾಲು

ಮೋಟಾರು ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬೀಳುತ್ತಿದ್ದ ಕಾಲ ಅದು, ಮಕ್ಕಳೇ. ಧಾರವಾಡದ ಕಡೆಯ ನಮ್ಮೂರಲ್ಲಿ ಇದ್ದದ್ದು ಎರಡೇ ಮೋಟಾರು. ದೇಸಾಯರದು ಮಲಗಿದ ಬೆಕ್ಕಿನಂತೆ ಮೆತ್ತಗೆ ಗುರುಗುಟ್ಟುತ್ತಿತ್ತು. ಸಾಹುಕಾರ ಈರಪ್ಪನದು ಹಿಟ್ಟಿನ ಗಿರಣಿಯಂತೆ ಊರನ್ನೇ ಎಬ್ಬಿಸುತ್ತಿತ್ತು. ಯಾರ ಎಂಜಿನ್ ಹೆಚ್ಚೆಂದು ಕಟ್ಟೆಯ ಮೇಲೆ ದಿನಾ ವಾದ. ನಾವು ಹುಡುಗಿಯರು ಪೆಟ್ರೋಲಿನ ವಾಸನೆ ಮೂಸುತ್ತ ಎರಡರ ಹಿಂದೆಯೂ ಓಡುತ್ತಿದ್ದೆವು.

ಆ ಚಳಿಗಾಲ ಅಕ್ಕನಿಗೆ ದಿನ ತುಂಬಿತ್ತು. ಹಿಂದಿನ ಸಲ ಎತ್ತಿನ ಚಕ್ಕಡಿಯ ಕುಲುಕಾಟಕ್ಕೇ ಕೂಸು ಹೋಯಿತೆಂದು ಅವ್ವ ನಂಬಿದ್ದಳು. ಈ ಸಲ ಪಟ್ಟಣದ ದವಾಖಾನೆಗೆ ಮೋಟಾರಿನಲ್ಲೇ ಒಯ್ಯಬೇಕೆಂದಳು. ಕೊಡಲು ಇಬ್ಬರೂ ಮುಂದೆ ಬಂದರು. ಅವ್ವ ಎಂಜಿನ್ ಶುರು ಮಾಡಿಸಿ, ಲೋಟದ ತುಂಬ ಹಾಲನ್ನು ಬಾನೆಟ್ಟಿನ ಮೇಲಿಟ್ಟಳು. ಸಾಹುಕಾರರ ಮೋಟಾರಿನ ಮೇಲೆ ಹಾಲು ಕುಣಿದು ಚೆಲ್ಲಿತು. ದೇಸಾಯರದರ ಮೇಲೆ ಕೆನೆ ಸಣ್ಣಗೆ ನಡುಗಿತು, ಅಷ್ಟೇ.

“ತಂಗೀ, ಹೊಂಟದ್ದು ದವಾಖಾನಿಗೆ, ಹಾಲು ಮಾರಾಕಲ್ಲ. ಹಳ್ಳದ ಏರು ಹತ್ತತೈತೇನು ಕೇಳು ಅದನ್ನ!” ಎಂದರು ಸಾಹುಕಾರರು.

“ಹತ್ತತದ, ಹತ್ತತದ. ನಿಮ್ಮ ಗಿರಣ್ಯಾಗ ನೀವು ಜ್ವಾಳಾ ಬೀಸ್ರಿ,” ಎಂದರು ದೇಸಾಯರು.

ದೇಸಾಯರೇ ನಡೆಸಿದರು. ಅವ್ವ ಅಕ್ಕನ ತಲೆಯ ಬಳಿ, ನಾನು ಕಾಲ ಬಳಿ, ಬಾಣಂತಿಗೆಂದು ಕಟ್ಟಿದ ಅಂಟಿನುಂಡೆಯ ಡಬ್ಬಿ ಹಿಡಿದು ಕುಳಿತೆ. ತುಪ್ಪದ ಘಮ, ಎರಡೂ ಕಡೆ ಬಿಳಿಜೋಳದ ಹೊಲ. ಕನಸಿನಲ್ಲಿ ತೇಲಿದಂತಿತ್ತು. ಹಳ್ಳದ ಏರಿನಲ್ಲಿ ಎಂಜಿನ್ ಎಷ್ಟು ಮೆತ್ತಗೆ ನಿಂತಿತೆಂದರೆ, ನಿಂತದ್ದೇ ನಮಗೆ ತಿಳಿಯಲಿಲ್ಲ. ಎಷ್ಟು ಹ್ಯಾಂಡಲ್ ತಿರುವಿದರೂ ಏಳಲಿಲ್ಲ. ಅಕ್ಕನಿಗೆ ಬೇನೆ ಶುರುವಾಗಿತ್ತು. ನನ್ನ ಕೈ ಹಿಸುಕುತ್ತಿದ್ದಳು.

ಆಗ ಹಿಂದೆ, ದೂರದಲ್ಲಿ, ಆ ಗಿರಣಿಯ ಸದ್ದು.

ಸಾಹುಕಾರರು ಬಳಸಿ ಮುಂದೆ ಬಂದು, ತಾವೇ ತಂದಿದ್ದ ಚಕ್ಕಡಿಯ ಹಗ್ಗ ತೆಗೆದು ಎರಡೂ ಮೋಟಾರಿಗೆ ಕಟ್ಟತೊಡಗಿದರು.

“ನಿಮ್ಮನ್ನ್ಯಾರು ಕರದ್ರು?” ದೇಸಾಯರ ಮುಖ ಕೆಂಪಾಗಿತ್ತು.

“ಯಾರೂ ಕರೀಲಿಲ್ಲ. ಹಾಲು ಚೆಲ್ಲಬ್ಯಾಡ್ರಿ, ಸುಮ್ಮನ ಕೂಡ್ರಿ.”

ಅಷ್ಟು ಬೇನೆಯಲ್ಲೂ ಅಕ್ಕ ನಕ್ಕಳು. ಒಂದು ಎಳೆಯಿತು, ಇನ್ನೊಂದು ತೇಲಿತು. ಸಂಜೆಗೆ ದವಾಖಾನೆಯಲ್ಲಿ ಹೆಣ್ಣುಕೂಸು ಅತ್ತಿತು.

ಈಗ ಈ ಪರದೇಶದ ಇಲ್ಫರ್ಡಿನಲ್ಲಿ ನಿಮ್ಮ ಬ್ಯಾಟರಿ ಕಾರಿನಲ್ಲಿ ಬೆಲ್ಟ್ ಹಾಕಿ ಕುಳಿತು, “ಶುರು ಮಾಡಪ್ಪಾ” ಎನ್ನುತ್ತೇನೆ. “ಅಜ್ಜಿ, ವಿ ಆರ್ ಆಲ್ರೆಡಿ ಮೂವಿಂಗ್!” ಎಂದು ನೀವು ನಗುತ್ತೀರಿ. ಇದರ ಮೇಲೆ ಹಾಲಿಟ್ಟರೆ ಕೆನೆಯೂ ಅಲುಗದು, ಎಂಥ ಏರನ್ನೂ ಹತ್ತುತ್ತದೆ. ವಾದಕ್ಕೆ ಏನೂ ಉಳಿದಿಲ್ಲ. ಆದರೂ ನಾನು ತಿರುಗಿ ಹಿಂದಿನ ಗಾಜಿನಲ್ಲಿ ನೋಡುತ್ತೇನೆ. ಸದ್ದಿಲ್ಲದೆ ಸಾಲುಸಾಲು ಕಾರುಗಳು ಬರುತ್ತಿರುತ್ತವೆ. ಯಾರೂ ನಮಗಾಗಿ ಹಗ್ಗ ತಂದಿರುವುದಿಲ್ಲ.