ಪಾದ ತಿರುಗಿಸಿ ತೆಗೆದ ಎಕ್ಸ್‌ರೇ

ನಾನು ಕೊಳ್ಳೇಗಾಲದ ಒಂದು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುತ್ತೇನೆ. ಒಮ್ಮೆ ರಾಮಾಪುರದ ಕಡೆಯ ಹೆಂಗಸೊಬ್ಬರು ಗಂಡನ ಜೊತೆ ಬಂದರು. ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವಾಗ ಅವರ ಕಾಲು ಉಳುಕಿ ವರ್ಷವಾಗಿತ್ತು. ಅಂದಿನಿಂದ ಹೊಲದ ಬದುವಿನ ಮೇಲೆ ನಡೆದರೆ ಪಾದ ಹೊರಳಿ ಬೀಳುತ್ತಿದ್ದರು.

“ಓದ್ಸಲ ಫೋಟೋ ತೆಗ್ದಾಗ ಮೂಳೆ ಸರ್ಯಾಗದೆ ಅಂದ್ರು ಸಾ. ಇವ್ಳು ಕೆಲ್ಸ ತಪ್ಸ್ಕಳಕೆ ನೆವ ಏಳ್ತಾಳೆ,” ಎಂದ ಗಂಡ.

ಆ ಚಿತ್ರ ತೆಗೆದವನು ನಾನೇ. ಆಗ ಪಾದವನ್ನು ನೇರವಾಗಿಟ್ಟು ತೆಗೆದಿದ್ದೆ.

ಈ ಸಲ ಡಾಕ್ಟರು ಕಿರಣ ತಾಗದಂತೆ ಸೀಸದ ಕೈಗವಸು ಹಾಕಿಕೊಂಡು, ಅವರ ಪಾದವನ್ನು ಒಳಕ್ಕೆ ತಿರುಗಿಸಿ ಹಿಡಿದು, ಹಾಗೆಯೇ ಚಿತ್ರ ತೆಗೆಯಲು ಹೇಳಿದರು. ಇನ್ನೊಂದು ಕಾಲಿನದನ್ನೂ ತೆಗೆದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ, ನೋಯುವ ಕಾಲಿನ ಕೀಲು ಒಂದು ಬದಿಗೆ ಬಾಯಿ ಬಿಟ್ಟಿತ್ತು. ಮೂಳೆ ಮುರಿದಿರಲಿಲ್ಲ, ಕೀಲನ್ನು ಬಿಗಿಯಾಗಿ ಹಿಡಿದಿಡುವ ನಾರು ಸಡಿಲವಾಗಿತ್ತು.

“ಸಾ, ಅದ ಇವ್ರಿಗೂ ತೋರ್ಸಿ,” ಎಂದರು ಆಕೆ.

ಗಂಡ ತುಂಬ ಹೊತ್ತು ನೋಡಿದ. “ನಾನೇ ತಪ್ಪು ತಿಳ್ಕಂಡಿದ್ದೆ ಕಣಮ್ಮಿ,” ಎಂದ.

ಪಟ್ಟಿ ಕಟ್ಟಿಕೊಂಡು ಮೂರು ತಿಂಗಳು ವ್ಯಾಯಾಮ ಮಾಡಿದ ಮೇಲೆ ಆಕೆ ಮತ್ತೆ ಬಂದರು. ನಮ್ಮ ಆಸ್ಪತ್ರೆಯ ಮೆಟ್ಟಿಲುಗಳನ್ನು ಯಾರ ಆಸರೆಯೂ ಇಲ್ಲದೆ ಹತ್ತಿದರು.