ವಿಡಿಯೊ ಅಂಕಲ್ ನಿಲ್ಲಿಸಿದ ಚಿತ್ರ

ವಿಡಿಯೊ ಅಂಕಲ್ ಅವರ ಬಲಭುಜ ಎಡಭುಜಕ್ಕಿಂತ ತುಸು ತಗ್ಗಾಗಿತ್ತು. ವರ್ಷಗಟ್ಟಲೆ ಆ ಭುಜದ ಮೇಲೆ ಕ್ಯಾಮೆರಾ ಹೊತ್ತವರು. ಬರಿಗೈಯಲ್ಲಿ ನಡೆಯುವಾಗಲೂ ತಲೆಯನ್ನು ಎಡಕ್ಕೆ ವಾಲಿಸಿ, ಕ್ಯಾಮೆರಾಕ್ಕೆ ಜಾಗ ಬಿಟ್ಟೇ ನಡೆಯುತ್ತಿದ್ದರು. ನ್ಯೂಯಾರ್ಕಿಗೆ ಹತ್ತಿರದ ಈಸ್ಟ್ ಬ್ರನ್ಸ್‌ವಿಕ್ ಸುತ್ತಮುತ್ತ ಕನ್ನಡದವರ ಮದುವೆ, ನಾಮಕರಣ ಏನೇ ಇರಲಿ, ಅವರು ಹಾಜರ್. ಬಿಸಿಬೇಳೆಬಾತಿನ ವಾಸನೆ ಬಂದರೆ ಮಾತ್ರ ಕ್ಯಾಮೆರಾ ಕೆಳಗಿಳಿಯುತ್ತಿತ್ತು.

ನಾನು ಅವರ ಮನೆಗೆ ಹೋದದ್ದು ಅಮ್ಮನನ್ನು ಹುಡುಕಿಕೊಂಡು. ಅಮ್ಮ ತೀರಿಕೊಂಡು ವರ್ಷವಾಗಿತ್ತು. ಅವಳ ಬಗ್ಗೆ ನಾನು ಬರೆದದ್ದನ್ನು ಓದುವುದು, ಫೋರ್ಟ್ ಲೀ ಊರಿನ ನನ್ನ ಕೊರಿಯನ್ ಗೆಳತಿ ದೊಡ್ಡ ಪಿಟೀಲಿನಂಥ ಚೆಲ್ಲೊ ನುಡಿಸುವುದು, ಹಿಂದೆ ಪರದೆಯ ಮೇಲೆ ವಿಡಿಯೊ. ಹೀಗೊಂದು ಪ್ರದರ್ಶನವನ್ನು ನ್ಯೂಯಾರ್ಕಿನ ಸಣ್ಣ ರಂಗಮಂದಿರದಲ್ಲಿ ಮಾಡಲು ಹೊರಟಿದ್ದೆವು. ಅಂಕಲ್ ಹಳೆಯ ಟೇಪುಗಳಲ್ಲಿ ತಡಕಿ ಅಮ್ಮನನ್ನು ಹುಡುಕಿ ಕೊಟ್ಟರು. ಯಾರದೋ ಚಳಿಗಾಲದ ಮದುವೆ. ರೇಷ್ಮೆ ಸೀರೆಯ ಮೇಲೆ ದಪ್ಪ ಕೋಟು, ಕಾಲಿಗೆ ಸ್ನೀಕರ್ಸ್ ಹಾಕಿಕೊಂಡು ಅಮ್ಮ ಪಾರ್ಕಿಂಗ್ ಲಾಟ್‌ನ ಹಿಮ ದಾಟುತ್ತಾಳೆ. ಕಾರಿನ ಬಾಗಿಲು ತೆಗೆದು ಒಮ್ಮೆ ಹಿಂತಿರುಗಿ ನೋಡುತ್ತಾಳೆ. ಟೇಪು ಕೊಡಲು ಅಭ್ಯಾಸಕ್ಕೆ ಬಂದ ಅಂಕಲ್ ವಿಡಿಯೊ ನಡೆಸುತ್ತ ನಮ್ಮ ತಂಡದಲ್ಲೇ ಉಳಿದುಬಿಟ್ಟರು.

ಅಭ್ಯಾಸದಲ್ಲಿ, ಅಮ್ಮನ ಕೋಟು ಇನ್ನೂ ನನ್ನ ಕ್ಲಾಸೆಟ್ಟಿನಲ್ಲಿದೆ ಎಂಬ ಸಾಲು ಬಂದಾಗಲೆಲ್ಲ ನಾನು ಓದು ನಿಲ್ಲಿಸಿ ಅಳುತ್ತಿದ್ದೆ. ಆಗ ಲ್ಯಾಪ್‌ಟಾಪಿನ ಮುಂದಿದ್ದ ಅಂಕಲ್, ಅಮ್ಮ ಹಿಂತಿರುಗಿದಲ್ಲೇ ಚಿತ್ರವನ್ನು ನಿಲ್ಲಿಸುತ್ತಿದ್ದರು. ಚೆಲ್ಲೊ ಕೂಡ ನಿಲ್ಲುತ್ತಿತ್ತು. ನಾನು ಸುಧಾರಿಸಿಕೊಂಡ ಮೇಲೆಯೇ ಅಮ್ಮ ಕಾರು ಹತ್ತುವುದು.

“ಜನರ ಮುಂದೆ ಹೀಗಾದ್ರೆ ಮರ್ಯಾದೆ ಹೋಗತ್ತೆ ಅಂಕಲ್. ಪರದೆ ಮೇಲಿನದನ್ನ ಮೊದಲೇ ರೆಕಾರ್ಡ್ ಮಾಡಿ ಪ್ಲೇ ಮಾಡಿಬಿಡೋಣ. ಆಗ ನಾನೂ ನಿಲ್ಲಕ್ಕಾಗಲ್ಲ” ಎಂದೆ.

“ಮಾಡಬಹುದಮ್ಮ. ಆದ್ರೆ ರೆಕಾರ್ಡಿಂಗ್‌ಗೆ ನಿನ್ನ ಮುಖ ಕಾಣ್ಸಲ್ವಲ್ಲ” ಎಂದರು. “ಮದುವೇಲಿ ಹೆಣ್ಣೊಪ್ಪಿಸುವಾಗ ಎಲ್ರೂ ಕ್ಯಾಮೆರಾ ಆಫ್ ಮಾಡಿ ಅಂತಾರೆ. ನಾನು ಮಾಡಲ್ಲ. ಅಳು ಮುಗಿಯೋವರೆಗೂ ನಿಂತಿರ್ತೀನಿ. ನೀನೂ ಟೈಮ್ ತಗೋ.”

ಪ್ರದರ್ಶನಕ್ಕೆ ಇನ್ನೇನು ಕೆಲವೇ ದಿನಗಳಿವೆ ಎನ್ನುವಾಗ ಅಂಕಲ್ ನಿದ್ದೆಯಲ್ಲೇ ಹೋಗಿಬಿಟ್ಟರು. ಎಲ್ಲವನ್ನೂ ಕೈಬಿಡೋಣ ಎಂದೆ. ಅವರ ಹೆಂಡತಿ ಒಪ್ಪಲಿಲ್ಲ. “ಅವ್ರ ಕೆಲಸಾನ ಅರ್ಧಕ್ಕೆ ಬಿಡಬೇಡಮ್ಮ” ಎಂದರು. ಅಂಕಲ್ ಇದ್ದ ಕೊನೆಯ ಅಭ್ಯಾಸದ ದಿನ ಪರದೆಯ ಮೇಲೆ ಬಂದದ್ದನ್ನೆಲ್ಲ ಗೆಳತಿ ರೆಕಾರ್ಡ್ ಮಾಡಿಟ್ಟಿದ್ದಳು. ಇನ್ನೊಮ್ಮೆ ನೋಡದೆ ಅದನ್ನೇ ಹಾಕಿದೆವು.

ಪ್ರದರ್ಶನದ ದಿನ ನಾನು ಓದು ನಿಲ್ಲಿಸಲಿಲ್ಲ. ಹಲ್ಲು ಕಚ್ಚಿಕೊಂಡು ಕೋಟಿನ ಸಾಲನ್ನೂ ಓದಿ ಮುಗಿಸಿದೆ. ಮುಂದಿನ ಸಾಲಿಗೆ ಬಾಯಿ ತೆರೆದರೆ ಚೆಲ್ಲೊ ನಿಂತಿತ್ತು. ಗೆಳತಿ ಕಮಾನು ಎತ್ತಿ ಹಿಡಿದು ನನ್ನ ಬೆನ್ನ ಹಿಂದೆ ನೋಡುತ್ತಿದ್ದಳು. ತಿರುಗಿದೆ. ಪರದೆಯ ಮೇಲೆ ಅಮ್ಮ ಕಾರಿನ ಬಾಗಿಲು ಹಿಡಿದು ನಿಂತೇ ಇದ್ದಳು. ಅಭ್ಯಾಸದಲ್ಲಿ ನಾನು ಅತ್ತಷ್ಟು ಹೊತ್ತೂ ಅಂಕಲ್ ಅವಳನ್ನು ಅಲ್ಲಿ ಹಿಡಿದಿಟ್ಟಿದ್ದರಲ್ಲ, ಅದೂ ರೆಕಾರ್ಡಿಂಗಿನಲ್ಲಿ ಸೇರಿಕೊಂಡಿತ್ತು. ಕತ್ತಲಲ್ಲಿ ಎಲ್ಲೋ ಕುಳಿತು ಅವರು ಇನ್ನೂ ನನ್ನ ಮುಖವನ್ನೇ ನೋಡುತ್ತಿದ್ದಾರೆ, ಅಳು ಮುಗಿಯಲೆಂದು ಕಾಯುತ್ತಿದ್ದಾರೆ ಅನ್ನಿಸಿತು.

ಅಮ್ಮ ಕಾರು ಹತ್ತುವ ಹೊತ್ತಿಗೆ ನಾನು ಅಷ್ಟೂ ಜನರ ಮುಂದೆ ಬಿಕ್ಕಿ ಬಿಕ್ಕಿ ಅಳುತ್ತಿದ್ದೆ. ಅಮ್ಮನಿಗಾಗಿ ಅಲ್ಲ, ಅಂಕಲ್‌ಗಾಗಿ.